ಮೀರಾ ಸಾಯುವ ರೀಲು

ಮೀರಾ ಸತ್ತಷ್ಟು ಚೆನ್ನಾಗಿ ಮದರಾಸಿನ ಸ್ಟುಡಿಯೋಗಳಲ್ಲಿ ಬೇರೆ ಯಾರೂ ಬದುಕಿರಲಿಲ್ಲ. ಐವತ್ತರ ದಶಕದ ಆರಂಭದಲ್ಲಿ ನಾಟಕದ ಕಂಪನಿ ಬಿಟ್ಟು ಸಿನಿಮಾಕ್ಕೆ ಹೋದವಳು ಕ್ಷಯದಿಂದ ಸತ್ತಳು, ಹೊಳೆಗೆ ಹಾರಿ ಸತ್ತಳು, ಗಂಡನ ಅನುಮಾನದಿಂದಂತೂ ಲೆಕ್ಕವಿಲ್ಲದಷ್ಟು ಸಲ ಸತ್ತಳು. ಆಗೆಲ್ಲ ಶಿವಮೊಗ್ಗದ ಹೆಂಗಸರು ಅವಳ ಮ್ಯಾಟಿನಿಗೆ ಹೊರಡುವಾಗ ಸೆರಗು ಸಾಲದೆಂದು ಟವೆಲ್ಲನ್ನೂ ಒಯ್ಯುತ್ತಿದ್ದರು.

ಹುಟ್ಟಿದೂರು ಭದ್ರಾವತಿಯಲ್ಲಿ ಅವಳು ದಾಕ್ಷಾಯಣಿ. ಅಲ್ಲಿ ಅವಳ ಚಿತ್ರಗಳಿಗೆ ಹೋಗದಿದ್ದವರು ಹೆತ್ತ ತಾಯಿ ಕಾಶಮ್ಮ ಒಬ್ಬರೇ. ಮೊದಲ ಚಿತ್ರಕ್ಕೇನೋ ಹೊಸ ಸೀರೆ ಉಟ್ಟೇ ಹೋಗಿದ್ದರು. ಮಗಳು ಸತ್ತಾಗ ಎಲ್ಲರಂತೆ ಅತ್ತರು, ಅದಕ್ಕೆ ತಕರಾರಿರಲಿಲ್ಲ. ಆಮೇಲೆ ಅವಳನ್ನು ಚಿತೆಯ ಮೇಲೆ ಮಲಗಿಸಿ ಬೆಂಕಿ ಇಟ್ಟದ್ದೇ ತಡ, ಎದ್ದು ಬಂದು ಟೆಂಟ್ ಸಿನಿಮಾದ ಮಾಲೀಕ ಉಜ್ಜನಪ್ಪನನ್ನು ಗೇಟಿನಲ್ಲೇ ಹಿಡಿದರು.

"ಲಿಂಗ ಕಟ್ಟಿದ ಮಗಳನ್ನ ಸುಡ್ತಾರೇನೋ? ಕೂರಿಸಿ ಮಣ್ಣು ಮಾಡೋಕೆ ಇವರಿಗೇನು ರೋಗ?"

ಉಜ್ಜನಪ್ಪನೂ ಲಿಂಗವಂತ. ಮದರಾಸಿನವರ ಪರವಾಗಿ ಅವನೇ ಕ್ಷಮೆ ಕೇಳಿದ. ಕಾಶಮ್ಮ ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಅರವತ್ತೈದನೇ ಇಸವಿಯಲ್ಲಿ ಮೀರಾ ಶಿವಮೊಗ್ಗದಲ್ಲಿ ಸನ್ಮಾನ ಮಾಡಿಸಿಕೊಂಡು ಅಂಬಾಸಡರ್ ಕಾರಿನಲ್ಲಿ ಭದ್ರಾವತಿಗೆ ಬಂದಳು. ಹೋದ ವರ್ಷ ಗಂಡನಾಗಿದ್ದವನಿಗೆ ಮುಂದಿನ ಚಿತ್ರದಲ್ಲಿ ಅವಳು ತಾಯಿಯಾಗಬೇಕಿತ್ತು. ನಾಯಕಿಯಾಗಿ ಅವಳ ಕೊನೆಯ ಚಿತ್ರ ಉಜ್ಜನಪ್ಪನ ಟೆಂಟಿನಲ್ಲಿ ಓಡುತ್ತಿತ್ತು. ಅದರಲ್ಲಿ ಅವಳು ಸಾಯುವುದನ್ನು ಪತ್ರಿಕೆಗಳೆಲ್ಲ ಹೊಗಳಿದ್ದವು. ಅದೊಂದನ್ನು ಅವ್ವ ನೋಡಲೇಬೇಕೆಂದು ಹಟ ಹಿಡಿದಳು.

"ಇದರಲ್ಲೂ ಸುಡ್ತಾರೇನೇ?"

"ಸುಡ್ತಾರೆ. ಅದಕ್ಕೆ ಮುಂಚೆ ನಾನು ಸಾಯ್ತೀನಲ್ಲ, ಅದನ್ನ ನೋಡವ್ವ."

"ಮಗಳು ಸಾಯ್ತಾಳೆ, ನೋಡು ಬಾ ಅಂತ ಕರೀತೀಯಲ್ಲೇ ಮಾರಾಯ್ತಿ!"

ಆದರೂ ಬಂದರು. ಹೆಂಗಸರ ಕಡೆ ಇಬ್ಬರಿಗೂ ಕುರ್ಚಿ ಬಿತ್ತು. ಚಿತ್ರ ನಡೆಯಿತು, ಹಾಡುಗಳು ಮುಗಿದವು, ಪರದೆಯ ಮೇಲೆ ಮೀರಾ ಹಾಸಿಗೆ ಹಿಡಿದಳು. ಅಷ್ಟರಲ್ಲಿ ಪರದೆ ಬೆಳ್ಳಗಾಗಿ ಟೆಂಟಿನ ದೀಪಗಳು ಹತ್ತಿಕೊಂಡವು.

ಉಜ್ಜನಪ್ಪ ಕೈ ಮುಗಿದುಕೊಂಡು ಬಂದ. "ಕಾಶವ್ವಾರು ಬಂದಿದಾರೆ ಅಂತ ಕಡೇ ರೀಲೇ ತೆಗೆಸಿಬಿಟ್ಟೆ. ಬೆಂಕಿ ಇಲ್ಲ, ಹೊಗೆ ಇಲ್ಲ."

ದೊಡ್ಡ ಉಪಕಾರ ಮಾಡಿದವನ ಸಂಕೋಚ ಅವನ ಮುಖದಲ್ಲಿತ್ತು. ಇಷ್ಟು ವರ್ಷ ಬಗೆಬಗೆಯಾಗಿ ದುಃಖಿಸಿದ್ದ ಮೀರಾಗೆ ಈಗ ಯಾವ ಭಾವ ತರಬೇಕೆಂದು ತಿಳಿಯಲಿಲ್ಲ. ನೆಲದ ಟಿಕೆಟ್ಟಿನವರಿಗೆ ಆ ತೊಂದರೆ ಇರಲಿಲ್ಲ.

"ಏಯ್ ಉಜ್ಜನಪ್ಪ, ಸಾಯಿಸೋ ಅವಳನ್ನ! ಪುಕ್ಕಟೆ ಬಂದಿದೀವಾ?"

"ಯೋವ್, ಕಡೇ ರೀಲ್ ಎಂಗೇಯ್ಯಾ?" ರೀಲು ಎಲ್ಲಿ ಎಂದು ತಮ್ಮ ಭಾಷೆಯಲ್ಲೇ ಕೇಳುತ್ತ ಕಾರ್ಖಾನೆಯ ತಮಿಳರ ಗುಂಪು ಬೆಂಚು ಬಡಿಯಿತು.

ಕಾಶಮ್ಮ ಪರದೆ ಬಿಟ್ಟು ಪಕ್ಕದಲ್ಲಿದ್ದ ಮಗಳ ಮುಖವನ್ನೇ ನೋಡಿದರು. ತಲೆ ತಗ್ಗಿಸಿದ ಮಗಳು ಸೆರಗಿನ ದಾರ ಕೀಳುತ್ತಿದ್ದಳು.

"ಹಾಕಪ್ಪ ಉಜ್ಜನಪ್ಪ," ಎಂದರು. "ಇಷ್ಟು ಜನ ಕಾಯ್ತಾ ಇದಾರೆ. ಸಾಯಲಿ."

ದೀಪ ಆರಿತು. ಪರದೆಯ ಮೇಲೆ ಮೀರಾ ಅಳಲಿಲ್ಲ, ಮಾತೂ ಆಡಲಿಲ್ಲ. ಬಲಗೈ ಮಾತ್ರ ಕಂಬಳಿಯ ಅಂಚನ್ನು ಮಡಚಿತು, ನೇವರಿಸಿತು, ಬಿಡಿಸಿ ಮತ್ತೆ ಮಡಚಿತು. ಅರ್ಧ ಮಡಚಿ ನಿಂತುಹೋಯಿತು.

"ನಮ್ಮವ್ವ!" ಎಂದರು ಕಾಶಮ್ಮ. ಮಗಳ ಕಡೆ ತಿರುಗಿ, "ನಮ್ಮವ್ವ ಹಿಂಗೇ ಹೋಗಿದ್ದು ಕಣೇ. ನೀನು ಬಾಗಿಲ ಹತ್ರ ನಿಂತಿದ್ದೆ. ಚಿಕ್ಕೋಳು, ಏನು ಗೊತ್ತಾಗುತ್ತೆ ಅಂದ್ಕೊಂಡಿದ್ದೆ."

"ಹೊಗಳಿದೋರೆಲ್ಲ ಹೊಗಳಿದ್ರು," ಎಂದಳು ಮೀರಾ. "ಇದನ್ನ ಮಾತ್ರ ಯಾರೂ ಹೇಳಲಿಲ್ಲ."

"ಅವರಿಗೆ ಹೆಂಗೆ ಗೊತ್ತಾಗಬೇಕು? ಅವರೇನು ನಮ್ಮವ್ವನ್ನ ನೋಡಿದ್ರಾ?"

ಪರದೆಯ ಮೇಲೆ ಚಟ್ಟ ಹೊರಟಿತು. ಮೀರಾ ಸರಕ್ಕನೆ ಅಂಗೈಯಿಂದ ಅವ್ವನ ಕಣ್ಣು ಮುಚ್ಚಿದಳು. ಕಾಶಮ್ಮ ಬೇಡವೆನ್ನಲಿಲ್ಲ. ಸುತ್ತಲೂ ಹೆಂಗಸರು ಬಿಕ್ಕುತ್ತಿದ್ದರು; ಮೀರಾಳ ಅಂಗೈಯೂ ಒದ್ದೆಯಾಗತೊಡಗಿತು.

"ಮುಗೀತೇನೇ?"

"ಇಲ್ಲ, ತಡಿಯವ್ವ. ಇನ್ನೂ ಉರೀತಾ ಇದೀನಿ."