ಸೀಟಿ ಇಲ್ಲದ ಕುಕ್ಕರ್

ಕುಕ್ಕರ್ ಒಲೆಯೇರಿ ಅರ್ಧ ಗಂಟೆಯಾದರೂ ಒಂದು ಸೀಟಿ ಕೂಗಲಿಲ್ಲ. ಕೂಗುವುದಾದರೂ ಹೇಗೆ? ಸೊಸೆ ಶಿವಲೀಲಾ ಸೀಟಿಯನ್ನೂ ರಬ್ಬರನ್ನೂ ತೆಗೆದಿಟ್ಟು, ತಳಕ್ಕೆ ಮರಳು ಹರಡಿ, ಮೇಲೆ ಹಿಟ್ಟಿನ ಬಿಲ್ಲೆಗಳ ಪಾತ್ರೆಯಿಟ್ಟು ಮುಚ್ಚಳ ಹಾಕಿದ್ದಳು. ಸಂಕ್ರಾಂತಿ ರಜೆಯಲ್ಲಿ ಮಕ್ಕಳ ಜೊತೆ ಮನೆಯಲ್ಲೇ ಬಿಸ್ಕತ್ತು ಮಾಡುವುದಂತೆ! ಫೋನಿನಲ್ಲಿ ನೋಡಿ ಕಲಿತದ್ದಂತೆ! ಅಡುಗೆಮನೆಯ ಬಾಗಿಲಲ್ಲಿ, ಮಡಿಸಿಟ್ಟ ಕುರಿ ಕಂಬಳಿಯ ಮೇಲೆ ಕಾವಲು ಕೂತ ಪಾಲಮ್ಮನಿಗೆ ಈ ಅಂತೆಗಳಲ್ಲಿ ಒಂದರ ಮೇಲೂ ನಂಬಿಕೆಯಿರಲಿಲ್ಲ.

ಕಾರಣವೂ ಇತ್ತು. ದೀಪಾವಳಿ ಹೊತ್ತಿಗೆ ಮೊಮ್ಮಗ ನವೀನನಿಗೆ ಜ್ವರ ನೆತ್ತಿಗೇರಿ ಫಿಟ್ಸ್ ಬಂದಿತ್ತು. ಸಂಕ್ರಾಂತಿ ಕಳೆಯುವ ತನಕ ಮನೆಯೊಳಗೆ ಮಾಂಸ ಬೇಯುವುದಿಲ್ಲ, ಮೊಟ್ಟೆ ಒಡೆಯುವುದಿಲ್ಲ ಎಂದು ಆಗ ಪಾಲಮ್ಮ ಮನೆದೇವರಿಗೆ ಹರಕೆ ಹೊತ್ತಳು. ಹುಡುಗ ಚೇತರಿಸಿಕೊಂಡ. ಹರಕೆ ತಪ್ಪಿದರೆ ಮತ್ತೇನಾದೀತೋ ಎಂಬ ಭಯ ಮಾತ್ರ ಅವಳನ್ನು ಬಿಟ್ಟಿರಲಿಲ್ಲ. ಕೋಳಿ ಇಟ್ಟ ಮೊಟ್ಟೆಗಳೆಲ್ಲ ಪಕ್ಕದ ಮನೆ ಜುಂಜಮ್ಮನಿಗೇ ಹೋಗುತ್ತಿದ್ದವು. ಈ ಬೆಳಿಗ್ಗೆ ಆರು ವರ್ಷದ ಮೊಮ್ಮಗಳು ದುರ್ಗಾಳ ಕೈಲಿ ನಾಲ್ಕು ಕಳಿಸಿದ್ದಳು. ಜುಂಜಮ್ಮನಿಗೆ ಮುಟ್ಟಿದ್ದು ಎರಡೇ.

"ಶಿವಲೀಲಾ, ಹಿಟ್ಟಿಗೆ ಏನೇನ್ ಹಾಕಿದಿ?"

"ಗೋಧಿಹಿಟ್ಟು, ಬೆಲ್ಲ, ತುಪ್ಪ, ಶೇಂಗಾ ಪುಡಿ. ಅಷ್ಟ ರೀ ಅತ್ತಿ."

"ಮತ್ತ ಉಬ್ಬತಾವಂತ ಅಂದಿ?"

"ಚೂರು ಸೋಡಾ ಹಾಕೀನ್ರಿ."

ಬಾಟಲಿ ಮುಚ್ಚಳದಿಂದ ಉಳಿದ ಹಿಟ್ಟು ಕತ್ತರಿಸುತ್ತಿದ್ದ ದುರ್ಗಾ ಅಜ್ಜಿ ಕೂತಲ್ಲಿಗೇ ಮತ್ತೆ ಮತ್ತೆ ನೋಡುತ್ತಿದ್ದಳು. ನವೀನ ಅಕ್ಕನ ಕಿವಿಯಲ್ಲಿ ಏನೋ ಪಿಸುಗುಟ್ಟಿದ. ಅಕ್ಕ ಅವನ ಬಾಯಿ ಮುಚ್ಚಿದಳು. ತಾಯಿಯೇ ಮಕ್ಕಳಿಗೆ ಸುಳ್ಳು ಕಲಿಸಿದ್ದಾಳೆಂದು ಪಾಲಮ್ಮನಿಗೆ ಖಾತ್ರಿಯಾಯಿತು.

ಕುಕ್ಕರಿನ ಮುಚ್ಚಳ ತೆಗೆದದ್ದೇ ತಡ, ಮನೆಯೆಲ್ಲ ಘಮ್ಮೆಂದಿತು. ಪಾಲಮ್ಮ ಎದ್ದವಳೇ, ಸೊಸೆ ಬಿಸ್ಕತ್ತು ಹಾಕಿದ ತಟ್ಟೆ ಕಸಿದುಕೊಂಡಳು.

"ಎರಡು ತತ್ತಿ ಎಲ್ಲಿ ಹೋದ್ವು ಹೇಳ್ರಿ! ಹೇಳೋ ತನಕ ಯಾರೂ ಬಾಯಿಗೆ ಇಡಂಗಿಲ್ಲ."

ಶಿವಲೀಲಾಳ ಕಣ್ಣು ತುಂಬಿದವು. "ನಾ ಅವನ ತಾಯಿ ರೀ ಅತ್ತಿ. ನಾನ ಹರಕಿ ಮುರೀತೀನೇನ್ರಿ?"

ಪಾಲಮ್ಮನಿಗೆ ಹಿಂದೆ ಸೀರೆ ಒದ್ದೆಯಾದಂತೆ ಅನಿಸಿತು. ನವೀನ ಕಂಬಳಿ ಮೇಲೆ ಉಚ್ಚೆ ಹೊಯ್ದಿರಬೇಕೆಂದು ಅವನ ಮೇಲೂ ಅನುಮಾನ ಬಂತು. ಮುಟ್ಟಿ ನೋಡಿಕೊಂಡರೆ, ಕೈಗೆ ಹಳದಿ ಲೋಳೆ.

ದುರ್ಗಾ ಬಿಕ್ಕಿಬಿಕ್ಕಿ ಅಳತೊಡಗಿದಳು. "ಕೋಳಿಮರಿ ಮಾಡಾಕ ನಾವ ಇಟ್ಟಿದ್ವಿ ಅಜ್ಜಿ. ಕಂಬಳ್ಯಾಗ ಬೆಚ್ಚಗಿರತೈತಂತ ನೀನ ಹೇಳ್ತಿದ್ದಿ. ನೀ ಬಂದು ಕುಂತಬಿಟ್ಟಿ. ಬೈತೀ ಅಂತ ಹೇಳಲಿಲ್ಲ."

ಮಡಿಕೆ ಬಿಚ್ಚಿದರೆ ಒಳಗೆಲ್ಲ ಸಿಪ್ಪೆಯ ಚೂರು. ಮನೆಯೊಳಗೆ ಮೊಟ್ಟೆ ಒಡೆದವಳು ಪಾಲಮ್ಮನೇ. "ನನ್ನ ಮರಿ" ಎಂದು ನವೀನನೂ ರಾಗ ತೆಗೆದ.

ಶಿವಲೀಲಾ ಕಣ್ಣೊರೆಸಿಕೊಂಡು ಕಂಬಳಿ ಎತ್ತಿಕೊಂಡಳು. "ಗೊತ್ತಿಲ್ದ ಆಗೈತ್ರಿ ಅತ್ತಿ. ತಪ್ಪುಕಾಣಿಕಿ ಕಟ್ಟಿಡೋಣ. ದೇವ್ರು ಅಷ್ಟೊಂದು ಅನುಮಾನ ಪಡಂಗಿಲ್ಲ."

ಆ ಮಾತು ತಾಗಬೇಕಾದಲ್ಲಿ ತಾಗಿತು. ಪಾಲಮ್ಮನಿಗೆ ಸೊಸೆಯ ಮುಖ ನೋಡಲು ನಾಚಿಕೆಯಾಯಿತು. ಸೆರಗಿಗೆ ಕೈ ಒರೆಸಿಕೊಂಡು, ತಟ್ಟೆಯನ್ನು ಅವಳ ಮುಂದೆ ಹಿಡಿದಳು.

"ಮೊದಲು ನೀ ತಿನ್ನವ್ವ."