ಸೀಲು ಸೋರಿದ ದಿನ

ಇನ್ನೂ ನೂರೆಂಬತ್ತು ಕಿಲೋಮೀಟರ್ ಬಾಕಿ ಇರುವಾಗ, ಒಂದು ತಿರುವಿನಲ್ಲಿ ಬೈಕಿನ ಹಿಂಭಾಗ ಮೆತ್ತಗೆ ಆಚೆಗೆ ಜಾರಿತು. ಕತೆ ಮುಗಿಯಿತು ಅಂದುಕೊಂಡಳು. ಹೇಗೋ ಸಾವರಿಸಿಕೊಂಡು, ರಸ್ತೆ ಪಕ್ಕದ ಲಾರಿ ತೂಗುವ ಕಾಟಾದ ತಗಡಿನ ಚಪ್ಪರದ ಕೆಳಗೆ ಗಾಡಿ ನಿಲ್ಲಿಸಿದಳು. ಹಿಂದಿನ ಚಕ್ರದ ಒಳಮಗ್ಗುಲು ನಡುವಿನಿಂದ ಟೈರಿನವರೆಗೆ ಕಪ್ಪಗೆ ಹೊಳೆಯುತ್ತಿತ್ತು. ಒಂದು ತೊಟ್ಟು ಎಣ್ಣೆ ನೆಲಕ್ಕೆ ಬಿತ್ತು. ನೋಡನೋಡುತ್ತಿದ್ದಂತೆ ಇನ್ನೊಂದು.

ಗಂಟೆ ಹನ್ನೆರಡೂಕಾಲು. ಆಸ್ಪತ್ರೆಯಲ್ಲಿ ಸಂಜೆ ಆರರವರೆಗೆ ಮಾತ್ರ ಒಳಗೆ ಬಿಡುತ್ತಿದ್ದರು.

ಅವಳ ಕೆಲಸ ಹಲ್ಲಿನ ಸೆಟ್ಟು ಮಾಡುವುದು. ಯಾರೋ ಮುದುಕರ ದವಡೆಯ ಅಚ್ಚು ಎದುರಿಗಿಟ್ಟುಕೊಂಡು, ತಂತಿ ಬಾಗಿಸಿ, ಮೇಣ ಕೆತ್ತಿ, ದಿನವಿಡೀ ತುಟಿ ಬಿಚ್ಚದೆ ಕೂರುವ ಕೆಲಸ. ಮಾತು ಬಿಡುವುದರಲ್ಲೂ ಅಷ್ಟೇ ಗಟ್ಟಿಗಿತ್ತಿ. ಅಪ್ಪನ ಜೊತೆ ಮಾತು ಬಿಟ್ಟು ಎಂಟು ವರ್ಷವಾಗಿತ್ತು.

ಅಪ್ಪ ಮೋಟಾರ್ ಸೈಕಲ್ ಮೆಕ್ಯಾನಿಕ್. ಮನೆಯ ಹಿತ್ತಿಲಲ್ಲೇ ಶೆಡ್ಡು. ಅಮ್ಮನಿಗೆ ಎದೆನೋವು ಬಂದ ದಿನ ಅವನು ಅಲ್ಲೇ ಹತ್ತು ಹೆಜ್ಜೆ ದೂರದಲ್ಲಿ ಒಂದು ಇಂಜಿನ್ ಬಿಚ್ಚಿಕೊಂಡು ಕೂತಿದ್ದ. ಅಮ್ಮ ಅಡುಗೆಮನೆಯಿಂದ ಎರಡು ಸಲ ಕೂಗಿದ್ದು ಪಕ್ಕದ ಮನೆಯವರಿಗೂ ಕೇಳಿಸಿತ್ತು. ಅವರು ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದುಹೋಗಿತ್ತು. ನನಗೆ ಕೇಳಿಸಲೇ ಇಲ್ಲ ಎಂದ ಅಪ್ಪ. ಮನೆ ತುಂಬ ಜನ ಸೇರಿದ್ದಾಗ ಅವಳು ಎದ್ದು ನಿಂತು, "ಇಂಜಿನ್ ಒಳಗೆ ಸೂಜಿ ಬಿದ್ರೂ ಕೇಳುತ್ತೆ ನಿನಗೆ. ಅಮ್ಮನ ದನಿ ಮಾತ್ರ ಕೇಳಿಸಲಿಲ್ವಾ?" ಎಂದಿದ್ದಳು. ಅವನು ತಲೆ ತಗ್ಗಿಸಿದ. ಅಂದಿನಿಂದ ಅವಳು ಆ ಮನೆಯ ಹೊಸಿಲು ತುಳಿದಿರಲಿಲ್ಲ.

ನಿನ್ನೆ ತಮ್ಮ ಫೋನ್ ಮಾಡಿದ್ದ. ಅಪ್ಪನ ಗಂಟಲಲ್ಲಿ ಗಡ್ಡೆ. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಂತೆ. ನಾಳೆ ಬೆಳಗ್ಗೆ ಏಳಕ್ಕೆ ಆಪರೇಷನ್, ಆಮೇಲೆ ಅಪ್ಪನ ದನಿ ಇರುವುದಿಲ್ಲ. "ಅಪ್ಪಂಗೆ ಫೋನ್ ಕೊಡ್ತೀನಿ, ಮಾತಾಡು ಅಕ್ಕಾ" ಎಂದಿದ್ದ. ಬೇಡ ಎಂದಿದ್ದಳು. ಎಂಟು ವರ್ಷ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಪ್ರಶ್ನೆಯನ್ನು ಮುಖ ನೋಡದೆ ಹೇಗೆ ಕೇಳುವುದು? ಅದಕ್ಕೇ ಇವತ್ತು ಬೆಳಕು ಹರಿಯುವ ಮುಂಚೆ ಹೊರಟಿದ್ದಳು.

ಕಾಟಾದ ಕೋಣೆಯಿಂದ ಐವತ್ತು ದಾಟಿದ ಒಬ್ಬ ದಪ್ಪ ಹೆಂಗಸು ಹೊರಗೆ ಬಂದಳು. ಲಾರಿ ತೂಗಿ ಚೀಟಿ ಕೊಡುವವಳು ಅವಳೇ.

"ಏನಮ್ಮಾ, ಗಾಡಿ ತೂಗಬೇಕಾ?"

"ಎಣ್ಣೆ ಸೋರ್ತಿದೆ ಅಕ್ಕಾ. ಇಲ್ಲಿ ಟ್ಯಾಕ್ಸಿ ಏನಾದ್ರೂ ಸಿಗುತ್ತಾ?"

"ಸಿಕ್ರೂ ಏನು ಬಂತು? ಮುಂದೆ ಸೇತುವೆ ರಿಪೇರಿ ಮಾಡ್ತಾ ಇದಾರೆ, ಬೈಕ್ ಬಿಟ್ರೆ ಏನೂ ದಾಟಲ್ಲ. ಕಾರಾದ್ರೆ ಇಡೀ ಬೆಟ್ಟ ಬಳಸ್ಕೊಂಡು ಹೋಗಬೇಕು, ನಾಳೆ ತಲುಪ್ತೀಯ."

ಅವಳು ಅಲ್ಲೇ ಕೂತು ತಮ್ಮನಿಗೆ ಫೋನ್ ಮಾಡಿದಳು. ತಮ್ಮ ದರ್ಜಿ. ಅವನಿಗೆ ಗಾಡಿಯ ವಿಷಯ ಒಂದಿಷ್ಟೂ ಗೊತ್ತಿಲ್ಲ. ಆದರೂ ಬೇರೆ ಯಾರಿಗೆ ಹೇಳಿಕೊಳ್ಳುವುದು? "ಹಿಂದಿನ ಚಕ್ರದ ಹತ್ರ ಎಣ್ಣೆ ತಡೆಯೋ ಸೀಲು ಹೋಗಿದೆ ಕಣೋ. ನಾನು ಬರೋದು..."

"ಒಂದ್ನಿಮಿಷ ಇರು," ಎಂದ ತಮ್ಮ. ಆ ಕಡೆ ಏನೋ ಗುಸುಗುಸು. ಆಮೇಲೆ, ಮರಳು ಕಾಗದ ಉಜ್ಜಿದಂಥ ಒಂದು ದನಿ:

"ಮೂಸಿ ನೋಡು."

ಅದು ಅಪ್ಪ. "ಏನು?"

"ಎಣ್ಣೆ. ಬೆರಳಿಗೆ ಹಚ್ಕೊಂಡು ಮೂಸು. ಕೊಳೆತ ಮೊಟ್ಟೆ ಥರ ನಾರುತ್ತಾ?"

ಮೂಸಿದಳು. "ಹೂಂ."

"ಗೇರ್ ಆಯಿಲ್. ಬ್ರೇಕಿಂದಲ್ಲ. ಚೈನಿಲ್ಲದ ಗಾಡಿ ಅಲ್ವಾ ಅದು, ಶಾಫ್ಟಿಂದು? ಬೆರಳನ್ನ ಬೆಳಕಿಗೆ ಹಿಡಿ. ಮಿಂಚೋ ಪುಡಿ ಇದ್ಯಾ?"

"ಇಲ್ಲ. ಬರೀ ಕಪ್ಪು."

"ಚಕ್ರನ ಮೇಲೊಂದು ಕೈ, ಕೆಳಗೊಂದು ಕೈ ಹಿಡಿದು ಅಲ್ಲಾಡಿಸು."

ಅಲ್ಲಾಡಲಿಲ್ಲ.

"ಬೇರಿಂಗ್ ಚೆನ್ನಾಗಿದೆ. ಅದು ಹೋಗಿದ್ರೆ ಅಲ್ಲಿಂದ ಒಂದು ಹೆಜ್ಜೆ ಇಡಬೇಡ ಅಂತಿದ್ದೆ. ಬರೀ ಸೀಲು. ಎಣ್ಣೆ ಯಾವಾಗ ಬದಲಾಯಿಸಿದ್ದು?"

"ಹೋದ ವಾರ. ನಾನೇ ಹಾಕ್ದೆ."

"ಎಷ್ಟು ಹಾಕ್ದೆ?"

"ತುಂಬೋವರೆಗೂ."

ಆ ಕಡೆಯಿಂದ ಕೆಮ್ಮೋ ನಗುವೋ ತಿಳಿಯದ ಸದ್ದು ಬಂತು. "ಮೆಕ್ಯಾನಿಕ್ ಮಗಳು! ಕಂಠಪೂರ್ತಿ ಕುಡಿಸಿದ್ರೆ ಕಕ್ಕದೆ ಏನು ಮಾಡುತ್ತೆ? ಬಿಸಿಯಾದಾಗ ಉಸಿರಾಡೋಕೆ ಜಾಗ ಬೇಡ್ವಾ? ಗೇರ್ ಪೆಟ್ಟಿಗೆ ಮೇಲೆ ಸಣ್ಣ ತೂತಿದೆ, ನೋಡು. ಅದೂ ಕಟ್ಟಿಕೊಂಡಿರುತ್ತೆ."

ಕಟ್ಟಿಕೊಂಡಿತ್ತು. ಕಾಟಾದ ಅಕ್ಕ ತನ್ನ ತುರುಬಿನ ಪಿನ್ನು ಕಿತ್ತು ಕೊಟ್ಟಳು. ಒಣಗಿದ ಕೆಸರು ಕೆದಕಿದ ಕೂಡಲೇ ಬಿಸಿ ಗಾಳಿ ಬುಸ್ ಎಂದಿತು. "ಅಯ್ಯಯ್ಯೋ, ನಮ್ಮ ಕುಕ್ಕರ್ ಇದ್ದ ಹಾಗಿದೆಯಲ್ಲ," ಎಂದು ಅಕ್ಕ ಎರಡು ಹೆಜ್ಜೆ ಹಿಂದೆ ಹಾರಿದಳು.

ಅಷ್ಟಕ್ಕೇ ಸೋರುವುದು ನಿಲ್ಲುವಂತಿರಲಿಲ್ಲ. ಸೀಲಿನ ಒಳಅಂಚು, ಅಪ್ಪನ ಮಾತಲ್ಲಿ ತುಟಿ, ಸವೆದಿತ್ತು. ಹೊಸ ಸೀಲು ಆ ಕಾಡಿನಲ್ಲಿ ಎಲ್ಲಿ ಸಿಗಬೇಕು? ಸೀಲನ್ನು ಹೊರಗೆ ತೆಗೆ ಎಂದ ಅಪ್ಪ. ಗಾಡಿಗೆ ಕಲ್ಲು ಒತ್ತು ಕೊಟ್ಟು, ಚಕ್ರ ಬಿಚ್ಚಿ, ಹೆಚ್ಚಾಗಿದ್ದ ಎಣ್ಣೆಯನ್ನು ಅಕ್ಕನ ಹಳೇ ಡಬ್ಬಕ್ಕೆ ಇಳಿಸಿ, ಎರಡು ಸ್ಕ್ರೂ ಡ್ರೈವರ್ ಹಿಡಿದು ಆ ಕಪ್ಪು ರಬ್ಬರಿನ ಬಳೆಯನ್ನು ಸುತ್ತಲೂ ಒಂದೊಂದೇ ನೂಲಿನಷ್ಟು ಎಬ್ಬಿಸಬೇಕು. "ಆತುರ ಬೇಡ. ಕೂರೋ ಜಾಗಕ್ಕೆ ಗೀರು ಬಿದ್ರೆ ದೇವರು ಬಂದ್ರೂ ನಿಲ್ಲಿಸಕ್ಕಾಗಲ್ಲ." ಅವಳ ಹಣೆಯ ಬೆವರು ಕಣ್ಣಿಗಿಳಿಯುತ್ತಿತ್ತು. ಸ್ಪೀಕರ್ ಹಾಕಿದ ಫೋನು ಕಲ್ಲಿನ ಮೇಲಿತ್ತು. ಅಪ್ಪನ ದನಿ ನಡುನಡುವೆ ಮುರಿಯುತ್ತಿತ್ತು. ಒಮ್ಮೆ ಮಾತು ಪೂರ್ತಿ ನಿಂತೇ ಹೋಗಿ ಬರೀ ಉಸಿರು ಕೇಳಿತು. ಯಾರೋ ನರ್ಸ್ ಗದರುತ್ತಿದ್ದರು.

"ಅಪ್ಪಾ, ಸಾಕು. ಮಾತಾಡಬೇಡ."

"ಇನ್ನು ಯಾವ ಭಾಗ್ಯಕ್ಕೆ ಉಳಿಸಿಕೊಳ್ಳಲಿ? ನಾಳೆ ಹೇಗಿದ್ರೂ ಕಿತ್ತು ಬಿಸಾಕ್ತಾರೆ. ಬಂತಾ ಹೊರಗೆ?"

"ಬಂತು."

"ತಿರುಗಿಸಿ ನೋಡು. ತುಟಿ ಹಿಂದೆ ಕೂದಲೆಳೆಯಂಥ ಸ್ಪ್ರಿಂಗು, ಉಂಗುರದ ಥರ ಇದೆ. ಜಾಯಿಂಟು ಹುಡುಕಿ ತಿರುಗಿಸಿ ಬಿಚ್ಚು. ಒಂದು ತುದಿ ಚೂಪಾಗಿರುತ್ತೆ, ಅದನ್ನ ಮುಟ್ಟಬೇಡ. ಇನ್ನೊಂದು ತುದೀಲಿ ಮೂರು ಮಿಲಿಮೀಟರ್ ಕತ್ತರಿಸಿ ಮತ್ತೆ ಜೋಡಿಸು. ಉಂಗುರ ಚಿಕ್ಕದಾಗುತ್ತೆ, ತುಟಿ ಬಿಗಿಯಾಗುತ್ತೆ."

ಇದು ಅವಳಿಗೆ ಗೊತ್ತಿದ್ದ ಕೆಲಸ. ಇದಕ್ಕಿಂತ ಸಣ್ಣ ತಂತಿಗಳನ್ನು ದಿನವೂ ಬಾಗಿಸುವ ಬೆರಳುಗಳು ಸರಾಗವಾಗಿ ಕೆಲಸ ಮಾಡಿದವು. ಮಾಡುತ್ತಿದ್ದಂತೆ ಅವಳಿಗೆ ಥಟ್ಟನೆ ಅರಿವಾಯಿತು: ಅಪ್ಪ ತನ್ನ ಕಡೆಯ ಮಾತುಗಳನ್ನೆಲ್ಲ ಈ ರಬ್ಬರಿನ ಬಳೆಗೆ ಸುರಿಯುತ್ತಿದ್ದಾನೆ. ರೆಕಾರ್ಡ್ ಮಾಡಿಕೊಳ್ಳಬೇಕೆಂದು ಅವಳಿಗೂ ಹೊಳೆಯಲಿಲ್ಲ, ತಮ್ಮನಿಗೂ ಹೊಳೆಯಲಿಲ್ಲ.

"ಅಪ್ಪಾ, ಅಮ್ಮ ಹೋದ ದಿನ..."

"ಅದು ಇಲ್ಲಿಗೆ ಬಂದ ಮೇಲೆ." ದನಿ ಈಗ ಪಿಸುಮಾತಿನಷ್ಟೇ ಇತ್ತು. "ಸ್ಪ್ರಿಂಗ್ ಇರೋ ಮುಖ ಒಳಗೆ. ತುಟಿಗೆ ಎಣ್ಣೆ ಸವರು. ಹಲಗೆ ಇಟ್ಟು ಸಮಕ್ಕೆ ತಟ್ಟು. ಟೈರನ್ನ ಸೋಪು ಹಾಕಿ ತಿಕ್ಕು. ಇಪ್ಪತ್ತು ಕಿಲೋಮೀಟರಿಗೊಂದು ಸಲ ನಿಲ್ಲಿಸಿ ಮುಟ್ಟಿ ನೋಡು. ಅರವತ್ತರ ಮೇಲೆ ಓಡಿಸಬೇಡ... ಹುಷಾರು ಮಗಾ."

ಫೋನು ಸುಮ್ಮನಾಯಿತು.

ಕಾಟಾದ ಅಕ್ಕ ಬಕೆಟ್ಟಿನಲ್ಲಿ ಸೋಪಿನ ನೀರು ತಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಟೈರನ್ನು ಪಾತ್ರೆ ಬೆಳಗುವಂತೆ ತಿಕ್ಕಿ ತಿಕ್ಕಿ ತೊಳೆದಳು. ಅಪ್ಪ ಮಗಳು ಆಡಿದ್ದನ್ನೆಲ್ಲ ಕೇಳಿಸಿಕೊಂಡಿದ್ದರೂ ಒಂದು ಮಾತೂ ಕೇಳಲಿಲ್ಲ. ಹೊರಡುವಾಗ, "ಬಿದ್ದರೂ ಎದ್ದು ಹೋಗು. ತಿರುಗಿ ಮಾತ್ರ ಬರಬೇಡ," ಎಂದಳಷ್ಟೇ.

ಗಾಡಿ ರಸ್ತೆಗಿಳಿದಾಗ ಎರಡೂವರೆ. ಮೊದಲ ಇಪ್ಪತ್ತು ಕಿಲೋಮೀಟರ್, ಒಣ. ನಲವತ್ತು, ಒಣ. ಸೇತುವೆಯ ಮೇಲೆ ಕೆಲಸಗಾರರು ಹಲಗೆ ಹಾಸಿ ದಾಟಿಸಿದರು. ಎಂಬತ್ತಕ್ಕೆ ನಿಲ್ಲಿಸಿ ಮುಟ್ಟಿದಾಗ ಬೆರಳಿಗೆ ತೆಳ್ಳಗೆ ಜಿಡ್ಡು ಹತ್ತಿತು. ಬಟ್ಟೆಯಲ್ಲಿ ಒರೆಸಿದಳು. ನೂರಕ್ಕೆ ಮತ್ತೆ ಜಿಡ್ಡು, ಸ್ವಲ್ಪ ಹೆಚ್ಚು. ಹತ್ತತ್ತು ಕಿಲೋಮೀಟರಿಗೆ ನಿಲ್ಲಿಸುವುದು, ಒರೆಸುವುದು, ಹೊರಡುವುದು. ನಿಂತಷ್ಟೂ ಹೊತ್ತು ಜಾರುತ್ತಿತ್ತು, ನಿಲ್ಲದಿದ್ದರೆ ಟೈರು ಜಾರುತ್ತಿತ್ತು. ಗಡಿಯಾರ ನೋಡುವುದನ್ನು ಬಿಟ್ಟಳು. ಹೆಲ್ಮೆಟ್ಟಿನ ಒಳಗೆ ಅವಳು ಬಾಯಿಗೆ ಬಂದಂತೆ ಬೈಯುತ್ತಿದ್ದಳು, ಸೀಲನ್ನು, ರಸ್ತೆಯನ್ನು, ತಾನು ಹಾಳು ಮಾಡಿದ ಎಂಟು ವರ್ಷವನ್ನು.

ಮೂವತ್ತು ಕಿಲೋಮೀಟರ್ ಉಳಿದಿದೆ ಎನ್ನುವಾಗ ಇಳಿಜಾರಿನಲ್ಲಿ ಬ್ರೇಕ್ ಒತ್ತಿದರೆ ಹಿಂದಿನದು ಹಿಡಿಯಲೇ ಇಲ್ಲ. ಗಾಡಿ ಅಡ್ಡ ಮಲಗಿ ಅವಳನ್ನು ಎಳೆದುಕೊಂಡು ಹೋಯಿತು. ಎದ್ದು ನೋಡಿದರೆ ಪ್ಯಾಂಟು ಹರಿದು ಮೊಣಕಾಲಿನ ಚರ್ಮ ಕಿತ್ತುಬಂದಿತ್ತು. ಮುನ್ನೂರು ಕಿಲೋ ಗಾಡಿ. ಒಬ್ಬಳೇ ಎತ್ತಲು ನೋಡಿದಳು, ಆಗಲಿಲ್ಲ. ಮತ್ತೆ ನೋಡಿದಳು. ಮೂರನೇ ಸಲ ಸೀಟಿಗೆ ಬೆನ್ನು ಕೊಟ್ಟು, ಹಲ್ಲು ಕಚ್ಚಿ, ಹಿಂದಕ್ಕೆ ನಡೆಯುತ್ತ ನೂಕಿದಾಗ ಅದು ಎದ್ದು ನಿಂತಿತು. ಅವಳು ಹ್ಯಾಂಡಲ್ ಮೇಲೆ ತಲೆಯಿಟ್ಟು ಜೋರಾಗಿ ಅತ್ತಳು. ಅತ್ತು, ಮೂಗೊರೆಸಿಕೊಂಡು, ಆಸ್ಪತ್ರೆಯಿದ್ದ ಊರಿನ ದಾರಿ ಹಿಡಿದಳು.

ಆಸ್ಪತ್ರೆ ಮುಟ್ಟಿದಾಗ ಆರು ನಲವತ್ತು. ವಾರ್ಡಿನ ಬಾಗಿಲಲ್ಲಿ ತಮ್ಮ ಒಂದು ಕಾಲನ್ನು ಬಾಗಿಲ ಸಂದಿಗಿಟ್ಟುಕೊಂಡು ಕಾವಲುಗಾರನ ಜೊತೆ ಜಗಳಕ್ಕೆ ನಿಂತಿದ್ದ. "ಬಂದಳು ನೋಡಿ! ಹೇಳಿರಲಿಲ್ವಾ ಬರ್ತಾಳೆ ಅಂತ!" ಎಂದು ಕೂಗಿದ. ನರ್ಸ್ ಅವಳ ಕೈ, ಮುಖ, ಮೊಣಕಾಲು ನೋಡಿ, "ಹತ್ತು ನಿಮಿಷ. ಒಬ್ಬರೇ," ಎಂದಳು.

ಅಪ್ಪ ಇಷ್ಟು ಸಣ್ಣಗಾಗಿದ್ದಾನೆಂದು ಅವಳು ಎಣಿಸಿರಲಿಲ್ಲ. ಅವಳನ್ನು ನೋಡಿ ಬಾಯಿ ತೆರೆದ. ತುಟಿ ಅಲುಗಿತು, ಬರೀ ಗಾಳಿ ಬಂತು. ಮತ್ತೊಮ್ಮೆ ಯತ್ನಿಸಿದ. ಗಂಟಲಿನ ನರ ಉಬ್ಬಿತೇ ಹೊರತು ದನಿ ಹೊರಡಲಿಲ್ಲ. ನಾಳೆ ಹೋಗಬೇಕಿದ್ದದ್ದು ಇವತ್ತು ಮಧ್ಯಾಹ್ನವೇ ಹೋಗಿತ್ತು.

ಮಂಚದ ಪಕ್ಕದಲ್ಲಿ ಚೀಟಿ, ಪೆನ್ನು ಇದ್ದವು. ಅವನು ಬರೆದ: ಎಷ್ಟು ದೂರ ತಡೀತು?

"ಎಂಬತ್ತು. ಆಮೇಲೆ ಒರೆಸಿಕೊಂಡು ಬಂದೆ."

ಪರವಾಗಿಲ್ಲ ಎನ್ನುವಂತೆ ತಲೆಯಾಡಿಸಿದ. ಅವಳು ಕುರ್ಚಿ ಹತ್ತಿರಕ್ಕೆಳೆದುಕೊಂಡಳು. ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತುಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ. "ಅಪ್ಪಾ, ಅಮ್ಮ ಕೂಗಿದ್ದು ನಿನಗೆ ನಿಜವಾಗ್ಲೂ ಕೇಳಿಸಲಿಲ್ವಾ?" ಎಂದಳು.

ಅವನು ಮತ್ತೆ ಪೆನ್ನು ಎತ್ತಿಕೊಂಡ. ಆಮೇಲೆ ನಿಧಾನವಾಗಿ ಬರೆದ: ಕೇಳಿಸಿತ್ತು. ಇನ್ನೊಂದು ನಟ್ಟು ಬಿಗಿದು ಹೋಗೋಣ ಅಂದುಕೊಂಡೆ.

ಕೆಳಗೆ, ಅಕ್ಷರ ಓರೆಯಾಗುತ್ತ: ನಿಮ್ಮಿಬ್ಬರ ಮುಖ ನೋಡಿ ಹೇಳೋ ಧೈರ್ಯ ಬರಲಿಲ್ಲ.

ಈ ಮಾತನ್ನು ಅವನ ಬಾಯಿಂದ ಹೊರಡಿಸಬೇಕೆಂದೇ ಅವಳು ಎಂಟು ವರ್ಷ ಕಾದಿದ್ದಳು. ಹೊರಟರೆ ಅವನನ್ನು ಸುಟ್ಟುಬಿಡುತ್ತೇನೆ ಎಂದುಕೊಂಡಿದ್ದಳು. ಈಗ ನೋಡಿದರೆ ಸುಡಲು ಅಲ್ಲಿ ಏನೂ ಉಳಿದಿರಲಿಲ್ಲ. ಕ್ಷಮಿಸಿದೆ ಎನ್ನಲು ಅವಳ ನಾಲಿಗೆ ಏಳಲಿಲ್ಲ. ಅವನೂ ಕೇಳಲಿಲ್ಲ. ಅವಳು ಅವನ ಕೈಯಿಂದ ಪೆನ್ನು ತೆಗೆದಿಟ್ಟು, ಆ ಕೈಯನ್ನು ತನ್ನ ಜಿಡ್ಡುಗೈಯೊಳಗೆ ಹಿಡಿದುಕೊಂಡು, ನರ್ಸ್ ಬಂದು ಎಬ್ಬಿಸುವವರೆಗೆ ಕೂತಳು. ಎದ್ದಾಗ ಚೀಟಿಯನ್ನು ಜೇಬಿಗಿಟ್ಟುಕೊಂಡು, "ಬೆಳಗ್ಗೆ ಬಾಗಿಲ ಹತ್ರ ಇರ್ತೀನಿ," ಎಂದಳು.

ಇದ್ದಳು. ಏಳಕ್ಕೆ ಒಳಗೆ ಕರೆದೊಯ್ದವರು ಎರಡಾದರೂ ಹೊರಗೆ ತರಲಿಲ್ಲ. ಬೆಂಚಿನ ಮೇಲೆ ಅಕ್ಕ ತಮ್ಮ ಇಬ್ಬರೇ. ಕೊನೆಗೆ ಅವನು ಕೇಳಿದ: "ನಿನ್ನೆ ಅಪ್ಪ ಏನು ಬರೆದ?"

ಮುಚ್ಚಿಡಬಹುದಿತ್ತು. ಅಪ್ಪ ಮುಚ್ಚಿಟ್ಟದ್ದು ಸಾಕೆನಿಸಿ ಚೀಟಿಯನ್ನು ಅವನ ಕೈಗೇ ಕೊಟ್ಟಳು. ಅವನು ಓದಿದ. ಮತ್ತೆ ಓದಿದ. ಮುಖ ಅತ್ತ ತಿರುಗಿಸಿಕೊಂಡು ಗೋಡೆ ನೋಡುತ್ತ ಕೂತ. "ನಾನೂ ಅಪ್ಪನೂ ಎಂಟು ವರ್ಷ ಒಂದೇ ಮನೇಲಿದ್ವಿ ಅಕ್ಕಾ," ಎಂದ. ಅವಳು ಅವನ ಭುಜಕ್ಕೆ ಭುಜ ತಾಗಿಸಿ ಕೂತಳು.

ಎರಡೂವರೆಗೆ ಡಾಕ್ಟರ್ ಹೊರಗೆ ಬಂದು ಟೋಪಿ ತೆಗೆದರು. ಗಡ್ಡೆ ಪೂರ್ತಿ ಬಂದಿದೆ, ಇನ್ನು ನೋಡಬೇಕು, ಸದ್ಯಕ್ಕೆ ಜೀವಕ್ಕೆ ಅಪಾಯವಿಲ್ಲ ಎಂದರು. ಒಬ್ಬರು ಹೋಗಿ ನೋಡಬಹುದು ಎಂದರು. ತಮ್ಮ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡ. "ನೀನು ಹೋಗಿ ಬಾ," ಎಂದ. "ನನಗೆ ಇನ್ನೂ ಸ್ವಲ್ಪ ಹೊತ್ತು ಬೇಕು."

ಅವಳು ಕುಂಟುತ್ತ ಒಳಗೆ ಹೋದಳು.