ವಾಪಸ್ ಕೇಳಿದ ಆಯ್ತು

ಸರ್ವಾಧಿಕಾರಿಯ ಆಳ್ವಿಕೆಯಲ್ಲಿ ಆ ಲಾಂಡ್ರಿಯ ಗೋಡೆಯ ಮೇಲೊಂದು ಸ್ಪೀಕರ್ ಇತ್ತು. ಅದು "ಸರಿ ತಾನೇ?" ಎಂದರೆ ಎಲ್ಲರೂ ಒಟ್ಟಿಗೆ "ಆಯ್ತು" ಎನ್ನಬೇಕು. ಏನು ಸರಿ ಎಂದು ಕೇಳಿದವರು ಮರುದಿನ ಕೆಲಸಕ್ಕೆ ಬರುತ್ತಿರಲಿಲ್ಲ. ಇಸ್ತ್ರಿ ಮಾಡುವ ದೊಡ್ಡಕ್ಕನ ತಮ್ಮ ಒಮ್ಮೆ ಕೇಳಿದ್ದ. ಅವನು ಜೈಲಿನಿಂದ ಹೊರಬರುವಷ್ಟರಲ್ಲಿ ಅವನ ಮುಂದಿನ ಹಲ್ಲೂ ಹೋಗಿತ್ತು, ಸರ್ವಾಧಿಕಾರಿಯೂ ಹೋಗಿದ್ದ.

ಸ್ಪೀಕರ್ ಕಿತ್ತು ಬಿಸಾಡಿದರು. ಲಾಂಡ್ರಿ ಕೆಲಸಗಾರರದ್ದೇ ಆಯಿತು. ವರ್ಷಕ್ಕೊಮ್ಮೆ ಓಟು ಹಾಕಿ ಮುಖ್ಯಸ್ಥನನ್ನು ಆರಿಸುವುದೆಂದು ಠರಾವಾಯಿತು. ಮೊದಲ ಸಲ ಗೆದ್ದ ತಮ್ಮನನ್ನು ಹೆಗಲ ಮೇಲೆ ಹೊತ್ತು ಕುಣಿದರು. ಅಷ್ಟೆಲ್ಲ ಅನುಭವಿಸಿದ ಮೇಲೆ ಜನಕ್ಕೆ ಬುದ್ಧಿ ಬಂದಿರುತ್ತದೆ ಎಂದು ದೊಡ್ಡಕ್ಕ ನೆಮ್ಮದಿಯಾಗಿದ್ದಳು. ಪಾಪ, ಬುದ್ಧಿ ಅಷ್ಟು ಸಲೀಸಾಗಿ ಬರುವಂತಿದ್ದರೆ ಇನ್ನೇನು ಬೇಕಿತ್ತು?

ಮತ್ತೆ ಓಟಿನ ದಿನ ಹತ್ತಿರ ಬಂದಾಗ ತಮ್ಮ ಬೆಂಚು ಹತ್ತಿ ನಿಂತ.

"ವರ್ಷಾ ವರ್ಷಾ ಈ ರಗಳೆ ಯಾಕೆ? ಕೆಲಸಾನೂ ಕೆಡುತ್ತೆ, ಮನಸ್ಸೂ ಕೆಡುತ್ತೆ. ಕೊನೇತನಕ ನಾನೇ ಇರ್ತೀನಿ ಬಿಡಿ. ನಿಮಗೋಸ್ಕರ ಜೈಲಿಗೆ ಹೋದೋನು ನಾನು. ಸರಿ ತಾನೇ?"

"ಆಯ್ತು" ಎಂದಿತು ಇಡೀ ಲಾಂಡ್ರಿ.

ಅದರಲ್ಲಿ ತನ್ನ ದನಿಯೂ ಇದ್ದದ್ದು ದೊಡ್ಡಕ್ಕನಿಗೆ ಕೇಳಿಸಿತು. ತಲೆ ಯೋಚಿಸುವ ಮೊದಲೇ ನಾಲಿಗೆ ಹೇಳಿ ಮುಗಿಸಿತ್ತು. ಎತ್ತಿ ಆಡಿಸಿದ ತಮ್ಮ ಅವನು. ಜೈಲಿನ ಬಾಗಿಲಲ್ಲಿ ಊಟದ ಡಬ್ಬಿ ಹಿಡಿದು ಕಾಲು ಸೋಲುವವರೆಗೆ ನಿಂತವಳು ಅವಳು. ಈಗ ಎದುರಾಡಿದರೆ ಅವನು ಮಾತು ಬಿಟ್ಟಾನು, ಅವಳಿಗಾದರೋ ಅವನನ್ನು ಬಿಟ್ಟರೆ ಯಾರೂ ಇಲ್ಲ. ಆದರೂ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು.

"ನನ್ನ ಆಯ್ತು ನಂಗೆ ವಾಪಸ್ ಕೊಡು."

ಯಾರೋ ಕಿಸಕ್ಕೆಂದು ನಕ್ಕರು. ತಮ್ಮನ ಮುಖ ಕೆಂಪೇರಿತು.

"ಏನಕ್ಕ ಇದು? ನಾನೇನು ಆ ಸರ್ವಾಧಿಕಾರಿ ಥರಾನಾ?"

"ಅಲ್ಲ ಕಣೋ, ನೀನು ಒಳ್ಳೆಯವನು. ಅದಕ್ಕೇ ಈಗ್ಲೇ ಹೇಳ್ತಿರೋದು, ಈಗಾದ್ರೆ ಹೇಳಬಹುದು ಅಂತ. ಅವನು ನಮಗೆ ಹೆದರೋದು ಕಲಿಸಿದ, ಬೇಡ ಅನ್ನೋದು ಕಲಿಸ್ಲಿಲ್ಲ. ಅದನ್ನ ನಾವೇ ಕಲೀಬೇಕು. ಓಟು ನಡೀಲಿ. ನಾನು ನಿಂಗೇ ಹಾಕ್ತೀನೋ ಏನೋ."

"ಸುಮ್ನೆ ಕೂತ್ಕೋ ಅಕ್ಕ." ಅವನು ಜನರತ್ತ ತಿರುಗಿ ದನಿ ಏರಿಸಿದ. "ಸರಿ ತಾನೇ?"

ಒಗೆಯುವ ಯಂತ್ರದ ಸದ್ದಿಗೆ ಅರ್ಧ ಕಿವುಡಾಗಿದ್ದ ಮುದುಕನೊಬ್ಬ "ಆಯ್" ಎಂದು ಶುರುಮಾಡಿ, ಜೊತೆಗೆ ಯಾರೂ ಬಾಯಿ ತೆರೆಯದ್ದು ಕಂಡು ಅಲ್ಲಿಗೇ ನಿಲ್ಲಿಸಿದ. ಗಂಟಲು ಸರಿಮಾಡಿಕೊಂಡ.

"ಏನು ಸರಿ?" ಎಂದು ಕೇಳಿದ.

ತಮ್ಮ ಜೈಲಿಗೆ ಹೋಗಿದ್ದು ಇದೇ ಮಾತಿಗೆ. ಅವನ ನಾಲಿಗೆ ಹಲ್ಲಿಲ್ಲದ ಸಂದಿಗೆ ಹೋಗಿ ತಡವಿತು. ಅಕ್ಕನ ಮುಖ ನೋಡದೆ ಬೆಂಚಿನಿಂದ ಇಳಿದ.

"ಓಟು ಯಾವತ್ತು ಇಟ್ಕೊಳ್ಳೋಣ? ಬುಧವಾರ ಆಗುತ್ತಾ?" ಎಂದ ಒರಟಾಗಿ.

ದೊಡ್ಡಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವಳಿಗೆ ಬುಧವಾರ ಯಾವ ಅಡ್ಡಿಯೂ ಇರಲಿಲ್ಲ.

"ಬೇಡ" ಎಂದಳು, ನಾಲಿಗೆಗೆ ರೂಢಿಯಾಗಲಿ ಎಂದು.